ಲೇಪನ: ಇಲ್ಲ

ಮುರಿದ ಮುದ್ದೆಯನ್ನು ಅವರೆಕಾಳಿನ ಸಾರಿನಲ್ಲಿ ಅದ್ದಿ ಕೈಯೆತ್ತಿದ ಉಗ್ರಪ್ಪ ಮೇಷ್ಟ್ರು ಆ ತುತ್ತನ್ನು ಬಾಯಿಗಿಡಲಾರದೆ ತಟ್ಟೆಯ ಅಂಚಿನಲ್ಲಿ ಹಾಗೆಯೇ ಕೂರಿಸಿದರು. ಮಧ್ಯಾಹ್ನ ಮೂರು ಗಂಟೆಗೆ ಕೆಂಗೇರಿ ಉಪನಗರದಲ್ಲಿ ಅವರ ಹಳೆಯ ಶಿಷ್ಯೆ ಇಂದ್ರಮ್ಮನ ಉಪನ್ಯಾಸ. ಅದು ಶುರುವಾಗುವ ಮೊದಲು ಆಕೆಗೆ ಒಂದು ಮಾತು ಹೇಳಬೇಕಾಗಿತ್ತು. ಹದಿನೈದು ದಿನಗಳಿಂದ ಹೇಳಬೇಕಾಗಿದ್ದ ಮಾತು ಅದು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತ ಹೋಗಿತ್ತು. ಬಡಿಸುತ್ತಿದ್ದ ಹೆಂಡತಿ ಲಕ್ಷ್ಮಿದೇವಮ್ಮ, ಶಿಷ್ಯೆ ಕರೆದು ಶಾಲು ಹೊದಿಸುತ್ತಾಳೆಂದರೆ ಮೇಷ್ಟ್ರಿಗೆ ಊಟವೂ ಬೇಡವಾಯಿತೇನೋ ಎಂದು ಗೋಡೆಗೆ ಹೇಳುವಂತೆ ಹೇಳಿ ನಕ್ಕಳು. ಅವರಿಗೆ ನಗು ಬರಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ತಮ್ಮನ್ನೇ ನೋಡುತ್ತಿರುವಂತೆ ಅನ್ನಿಸಿತು. ಉಂಡ ಪ್ರತಿಯೊಂದು ತುತ್ತೂ ಮೂಳೆಗೆ ಹೋಗಿ ಸಾಕ್ಷಿಯಾಗಿ ಕೂರುತ್ತದೆ, ಮನುಷ್ಯ ಸತ್ತು ಎರಡು ಸಾವಿರ ವರ್ಷವಾದ ಮೇಲೂ ಅದನ್ನು ಕೇಳಿ ತಿಳಿಯಬಹುದು ಎಂದು ಆ ಹುಡುಗಿ ಹೇಳಿದ್ದಳು. ಹಾಗಾದರೆ ತಮ್ಮ ಮೂಳೆಯಲ್ಲಿ ಏನು ಬರೆದಿರಬಹುದು? ರಾಜಾಜಿನಗರದ ಈ ಮನೆಗೆ ಬಂದ ಹೊಸತರಲ್ಲಿ, ಒಂದು ಭಾನುವಾರ ಹೆಡ್‌ಮಾಸ್ತರರು ಹೇಳದೆ ಕೇಳದೆ ಬಂದಾಗ, ಮುದ್ದೆಯ ಪಾತ್ರೆಯನ್ನು ಮಂಚದ ಕೆಳಕ್ಕೆ ಕಾಲಿನಿಂದ ತಳ್ಳಿ, ಪಕ್ಕದ ಮನೆಯಿಂದ ಅನ್ನ ತರಿಸಿ ಎಲೆಗೆ ಬಡಿಸಿದ್ದರು. ಆ ದಿನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗನನ್ನೂ ಮಂಚವನ್ನೂ ನೋಡಿದ್ದಳು. ಆ ನೋಟವೂ ಮೂಳೆಗೆ ಇಳಿಯುವಂಥದ್ದೇ ಆಗಿದ್ದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು, ತಮ್ಮ ಅಸ್ಥಿಯನ್ನು ಯಾವ ವಿಜ್ಞಾನಿಯೂ ಪರೀಕ್ಷಿಸಬೇಕಾದ ಅಗತ್ಯವಿರಲಿಲ್ಲ.

ಹದಿನೈದು ದಿನದ ಹಿಂದೆ ಇಂದ್ರಮ್ಮ ಇದೇ ನಡುಮನೆಯಲ್ಲಿ ಕೂತು ಕಾಫಿ ಕುಡಿದಿದ್ದಳು. ಬಿನ್ನಿಪೇಟೆಯ ಗಿರಣಿ ಕಾರ್ಮಿಕನ ಮಗಳು. ಅವರ ಕೈಯಲ್ಲಿ ಮೂರು ವರ್ಷ ಇತಿಹಾಸ ಓದಿದವಳು. ಈಗ ಪ್ರಾಚೀನರ ಆಹಾರದ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಅದಕ್ಕೆ ನಾಲ್ಕು ವರ್ಷ ಹಿಡಿದಿತ್ತು. ಆ ನಾಲ್ಕು ವರ್ಷಗಳಲ್ಲಿ ಎರಡು ಸಂಬಂಧಗಳು ಬಂದು ಹೋಗಿದ್ದವು. ಕೆಂಗೇರಿಯಾಚೆಯ ಬೋರೆಯಲ್ಲಿ ಇಪ್ಪತ್ತೊಂದು ವರ್ಷದ ಹಿಂದೆ ಅಗೆದ ಕಲ್ಲುಗೋರಿಗಳಲ್ಲಿ ಸಿಕ್ಕ ಏಳು ಜನರ ಮೂಳೆಗಳಿಂದ ಚೂರುಚೂರು ತೆಗೆದು ಆಕೆ ಜರ್ಮನಿಯ ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದಳು. ಆ ಅಗೆತದಲ್ಲಿ ಉಗ್ರಪ್ಪನವರು ಬೇಸಿಗೆ ರಜೆಯ ಸಹಾಯಕರಾಗಿ ದುಡಿದಿದ್ದರು. ಮೂಳೆಗಳ ದಾಖಲೆಪುಸ್ತಕವೆಲ್ಲ ಅವರದೇ ಅಕ್ಷರ. ಇಂದ್ರಮ್ಮ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು: ಗಾಳಿಯಲ್ಲಿರುವ ಇಂಗಾಲದಲ್ಲಿ ಹಗುರವಾದದ್ದು, ಕೊಂಚ ಭಾರವಾದದ್ದು ಎಂದು ಎರಡು ಬಗೆ, ರಾಗಿ ಜೋಳಗಳ ಪೈರು ಭತ್ತದ ಪೈರಿಗಿಂತ ಭಾರದ್ದನ್ನು ಹೆಚ್ಚಾಗಿ ಇಟ್ಟುಕೊಳ್ಳುತ್ತದೆ, ಉಂಡವರ ಮೈಯಲ್ಲಿ ಆ ವ್ಯತ್ಯಾಸ ಉಳಿಯುತ್ತದೆ, ಮೂಳೆಯನ್ನು ತೊಳೆದು, ಆಮ್ಲದಲ್ಲಿಟ್ಟು, ಕುದಿಸಿ, ಒಳಗಿನ ಅಂಟನ್ನು ತೆಗೆದು ತೂಗಿದರೆ ಅವರು ಬದುಕಿದ್ದಾಗ ಏನು ಉಂಡರೆಂಬುದು ಗೊತ್ತಾಗುತ್ತದೆ. ಈ ಒಣನೆಲದಲ್ಲಿ ರಾಗಿ ಉಂಡವರ ಗುರುತು ಬರುತ್ತದೆಂದು ಎಲ್ಲರೂ ಎಣಿಸಿದ್ದರು. ಬಂದದ್ದು ಭತ್ತದ್ದು. ಅದನ್ನು ಕೇಳಿದ ಕ್ಷಣ ಮೇಷ್ಟ್ರ ಎದೆಯೊಳಗೆ ಸಣ್ಣದೊಂದು ಸಂತೋಷ ಮಿಂಚಿತು; ಈ ನೆಲದ ಹಳಬರು ಅನ್ನ ಉಂಡವರು ಎಂಬ ಸಂತೋಷ, ಮಂಚದ ಕೆಳಕ್ಕೆ ಪಾತ್ರೆ ತಳ್ಳಿದವನಿಗೆ ತಕ್ಕ ಸಂತೋಷ. ಅದು ಮಿಂಚಿದ ಹಿಂದೆಯೇ ಇನ್ನೊಂದು ಅರಿವು ಬಂತು. ಮೂಳೆಯೊಳಗಿನ ಅಂಟು ಎಂದಳಲ್ಲ. ಇಂದ್ರಮ್ಮ ಚೀಲದಿಂದ ಒಂದು ಪತ್ರ ತೆಗೆದಳು. ಪ್ರಯೋಗಾಲಯದವನು ಅನುಮಾನ ಬರೆದಿದ್ದ: ಇಷ್ಟು ಬಿಸಿಲಿನ ನಾಡಿನಲ್ಲಿ ಇಷ್ಟು ಹಳೆಯ ಮೂಳೆಯಲ್ಲಿ ಇಷ್ಟೊಂದು ಅಂಟು ಉಳಿದದ್ದು ಸೋಜಿಗ, ಅಲ್ಲದೆ ಏಳು ಜನರ ಅಂಕೆಗಳೂ ಒಂದೇ ಮಡಕೆಯಿಂದ ಉಂಡವರಂತೆ ಒಂದಕ್ಕೊಂದು ಅಂಟಿಕೊಂಡಿವೆ, ಮೂಳೆಗಳಿಗೆ ಯಾವಾಗಲಾದರೂ ಏನಾದರೂ ಬಳಿದಿದ್ದುಂಟೆ? ಆಕೆ ಪತ್ರವನ್ನು ಮಡಿಸುತ್ತ, ‘ದಾಖಲೆಪುಸ್ತಕದಲ್ಲಿ ಲೇಪನ ಇಲ್ಲ ಅಂತ ಇದೆ ಸಾರ್. ನಿಮ್ಮ ಅಕ್ಷರ ಅಂದ್ಮೇಲೆ ನಾನೇನೂ ಕೇಳಬೇಕಾಗಿಲ್ಲ. ಆದ್ರೂ ಅವರಿಗೆ ಬರೀಬೇಕಲ್ಲ, ಒಂದ್ಮಾತು ಕೇಳೋಣ ಅಂತ ಬಂದೆ’ ಎಂದಳು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ‘ಇಲ್ಲಮ್ಮ. ಏನೂ ಬಳಿದಿಲ್ಲ’ ಎಂದರು. ಹೇಳಿದ ಮೇಲೆ ಇನ್ನಷ್ಟು ಬೇಕೇನೋ ಅನ್ನಿಸಿ, ‘ಬರಿ ಬ್ರಷ್ಷು, ಹತ್ತಿ, ಅಷ್ಟೇ’ ಎಂದು ಸೇರಿಸಿದರು. ಸುಳ್ಳು ತಾನೊಂದೇ ನಿಲ್ಲಲಾರದು, ಆಸರೆಗೆ ಇನ್ನೊಂದು ವಿವರವನ್ನು ಕೇಳುತ್ತದೆ ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದವರು ಅವರೇ.

ನವರಂಗ್ ವೃತ್ತದ ಬಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಹನ್ನೆರಡಾಗಿತ್ತು. ಬಸ್ಸು ವಿಜಯನಗರದ ಕಡೆಗೆ ತಿರುಗಿತು. ಹೊಸ ಮನೆಗಳು ಮೊಳೆಯುತ್ತಿದ್ದ ಸೈಟುಗಳಲ್ಲಿ ಜಲ್ಲಿಯ ರಾಶಿ, ಅದರ ಮೇಲೆ ಒಣಹಾಕಿದ ಸೀರೆಗಳು. ಇಪ್ಪತ್ತೊಂದು ವರ್ಷದ ಹಿಂದೆ ಆ ಬೋರೆಯಲ್ಲಿಯೂ ಹೀಗೆಯೇ ಬಿಳಿ ಬಿಸಿಲು. ಊರಿನವರು ಆ ಕಲ್ಲುಗೋರಿಗಳನ್ನು ಪಾಂಡವರ ಮನೆ ಎನ್ನುತ್ತಿದ್ದರು. ಅಗೆಯಬೇಡಿ ಎಂದು ಯಾರೂ ಹೇಳಲಿಲ್ಲ, ಆದರೆ ತಾವು ಮುಟ್ಟಲಿಲ್ಲ. ಅಗೆತದ ಮುಖ್ಯಸ್ಥ ಚನ್ನಮಲ್ಲಪ್ಪನವರು ಮಹಾ ಶಿಸ್ತಿನ ಮನುಷ್ಯ. ಮೂಳೆಗೆ ಯಾರೂ ಏನನ್ನೂ ಹಚ್ಚಕೂಡದು, ಈಗ ನಮಗೆ ತಿಳಿಯದ ಪರೀಕ್ಷೆ ನಾಳೆ ಬರಬಹುದು ಎಂದು ಮೊದಲನೆಯ ದಿನವೇ ಕಟ್ಟಪ್ಪಣೆ ಮಾಡಿದ್ದರು. ನಾಳೆ ಬರುವವಳು ಆಗ ಹತ್ತು ವರ್ಷದವಳಾಗಿ ಬಿನ್ನಿಪೇಟೆಯ ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಮೂರನೆಯ ದಿನ ಉಗ್ರಪ್ಪನವರು ಮಣ್ಣಿನಿಂದ ಎತ್ತಿದ ದವಡೆಯೊಂದು ಅಂಗೈಯಲ್ಲೇ ಹಿಟ್ಟಾಯಿತು. ಚನ್ನಮಲ್ಲಪ್ಪನವರು ಕೂಲಿಯವರೆಲ್ಲ ಕೇಳುವಂತೆ, ಮೇಷ್ಟ್ರ ಕೈ ಸೀಮೆಸುಣ್ಣ ಹಿಡಿಯೋದಕ್ಕೆ ಸರಿ ಕಣ್ರೀ, ಎಂದರು. ನಕ್ಕವರಲ್ಲಿ ಹೆಂಗಸರೂ ಇದ್ದರು. ಆ ನಗುವಿಗೆ ಇಪ್ಪತ್ತೊಂದು ವರ್ಷವಾದರೂ ಮುಪ್ಪು ಬಂದಿರಲಿಲ್ಲ. ಈ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ನಕ್ಕರೆ ಅವರ ಕಿವಿ ಬಿಸಿಯಾಗುತ್ತಿತ್ತು. ಮಾರನೆಯ ದಿನ ಊರಿಗೆ ಹೋಗಿಬರುವ ನೆವ ಮಾಡಿ, ಬಿನ್ನಿಪೇಟೆಯಲ್ಲಿ ಕುರ್ಚಿ ಮೇಜು ಮಾಡುತ್ತಿದ್ದ ಮುನಿಯಣ್ಣನ ಅಂಗಡಿಯಿಂದ ಬಡಗಿಗಳು ವಜ್ರವೆನ್ನುವ ಅಂಟಿನ ಹಾಳೆಗಳನ್ನು ತಂದರು. ದನದ ಚರ್ಮ ಕುದಿಸಿ ಇಳಿಸಿದ ಅಂಟು. ಬೆಲ್ಲದ ಬಣ್ಣ, ಮುರಿದರೆ ಗಾಜಿನ ಸದ್ದು. ಯಾವ ಸೀಮೆಯ ದನವೋ, ಯಾವ ಗದ್ದೆಯ ಭತ್ತದ ಹುಲ್ಲು ಮೇದದ್ದೋ ಯಾರಿಗೆ ಗೊತ್ತು. ಮಧ್ಯಾಹ್ನ ಎಲ್ಲರೂ ಹೊಂಗೆಯ ನೆರಳಲ್ಲಿ ಮಲಗಿದಾಗ ಡೇರೆಯೊಳಗೆ ಸ್ಟೌ ಹೊತ್ತಿಸಿ, ನೀರಾಗಿ ಕರಗಿಸಿ, ಏಳು ಜನರ ಮೂಳೆಗೂ ಒಂದೇ ಪಾತ್ರೆಯಿಂದ ಬಳಿದರು. ಮೂಳೆ ದಾಹಗೊಂಡದ್ದು, ಹೀರಿಕೊಂಡು ಸದ್ದಿಲ್ಲದೆ ಗಟ್ಟಿಯಾಯಿತು. ಹೊರಗೆ ಕುರುಹೇ ಉಳಿಯಲಿಲ್ಲ. ಆ ಸಂಜೆ ದಾಖಲೆಪುಸ್ತಕದಲ್ಲಿ ಸಂಖ್ಯೆ, ಉದ್ದ, ಸಿಕ್ಕ ಸ್ಥಳ ಬರೆದು, ‘ಲೇಪನ’ ಎಂಬ ಅಂಕಣದ ಕೆಳಗೆ ಏಳು ಸಲ ‘ಇಲ್ಲ’ ಎಂದು ಬರೆದರು. ಒಂದು ‘ಇಲ್ಲ’ ಬರೆದು ಕೆಳಗೆಲ್ಲ ‘ಅದೇ’ ಎನ್ನುವ ಗುರುತು ಹಾಕಿದರೂ ನಡೆಯುತ್ತಿತ್ತು. ಅವರು ಏಳು ಸಲವೂ ದುಂಡಗೆ ಬರೆದರು. ವಾರ ಕಳೆದು ಚನ್ನಮಲ್ಲಪ್ಪನವರು ಪೆಟ್ಟಿಗೆ ತೆರೆದು, ಒಂದೂ ಮುಕ್ಕಾಗಿಲ್ಲ ನೋಡ್ರಯ್ಯ, ಕೈ ಅಂದ್ರೆ ಮೇಷ್ಟ್ರ ಕೈ, ಎಂದು ಅದೇ ಕೂಲಿಯವರ ಮುಂದೆ ಹೇಳಿದರು. ಅವಮಾನ ಮಾಡಿದ ಬಾಯಿಂದಲೇ ಹೊಗಳಿಕೆ ಬಂತು. ಅದಾದ ಮೇಲೆ ನಿಜ ಹೇಳುವುದು ಯಾರಿಂದ ಸಾಧ್ಯ? ಈಗ ಆ ಮನುಷ್ಯನೂ ಇಲ್ಲ.

ಯಾರಿಂದ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಅವರಿಗೆ ಗೊತ್ತಿತ್ತು, ಅದೇ ಹಿಂಸೆ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಇಂದ್ರಮ್ಮ ಅವರ ಮೇಜಿನ ಮುಂದೆ ಬಂದು ನಿಂತಿದ್ದಳು. ಕೂಡುವಾಗ ಎರಡು ಅಂಕ ಹೆಚ್ಚಿಗೆ ಬಿದ್ದಿದೆ, ಕಳೆಯಿರಿ ಎಂದಿದ್ದಳು. ಕಳೆದರೆ ಮೊದಲನೆಯ ಸ್ಥಾನ ಹೋಗುತ್ತಿತ್ತು, ಹೋಯಿತು. ಆ ಪ್ರಸಂಗವನ್ನು ಮೇಷ್ಟ್ರು ಮುಂದೆ ಪ್ರತಿವರ್ಷ, ಪ್ರತಿ ತರಗತಿಗೆ ಹೇಳಿದರು. ಹೇಳುತ್ತ ಹೇಳುತ್ತ ಅದರಲ್ಲಿ ಆ ಹುಡುಗಿಯ ಪಾಲು ಕಡಿಮೆಯಾಗಿ ಅವಳನ್ನು ತಿದ್ದಿದ ಗುರುವಿನ ಪಾಲು ಹೆಚ್ಚಾಗಿತ್ತು. ನಿಜಕ್ಕೂ ಅವರು ಅವಳಿಗೆ ಏನನ್ನೂ ಕಲಿಸಿರಲಿಲ್ಲ. ಅವಳು ಹಾಗಿದ್ದಳು, ಅಷ್ಟೆ. ನಕಲು ಹೊಡೆದವರನ್ನೂ ಮನೆಪಾಠ ಮಾಡದೆ ಜ್ವರದ ನೆವ ಹೇಳಿದವರನ್ನೂ ಬೆಂಚಿನ ಮೇಲೆ ನಿಲ್ಲಿಸಿ, ಸುಳ್ಳು ಹೇಳುವವನ ಕಣ್ಣು ಎಲ್ಲಿ ಹೋಗುತ್ತದೆ ನೋಡಿ ಎಂದು ಮಿಕ್ಕವರಿಗೆ ತೋರಿಸುತ್ತಿದ್ದರು. ಹದಿನೈದು ದಿನದ ಹಿಂದೆ ತಮ್ಮ ಕಣ್ಣು ಕಿಟಕಿಯಾಚೆ ಹೋದದ್ದನ್ನು ಅವಳು ಕಂಡಿರಲಾರಳೆ? ಕಂಡಿದ್ದರೂ ನಂಬಿರಲಾರಳು. ನಂಬಿಕೆ ಅಷ್ಟು ದೊಡ್ಡದಾಗಿದ್ದರಿಂದಲೇ ಅದನ್ನು ಒಡೆಯುವ ಧೈರ್ಯ ಬರಲಿಲ್ಲವೆಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಇದೆಲ್ಲ ಹೇಡಿಯ ವ್ಯಾಕರಣ. ಅವಳ ನಂಬಿಕೆಯನ್ನು ಕಾಪಾಡಲೆಂದು ಅವಳ ನಾಲ್ಕು ವರ್ಷದ ದುಡಿಮೆಯ ಬುಡಕ್ಕೆ ದನದ ಅಂಟನ್ನು ಬಿಟ್ಟವರು ತಾವು. ಇವತ್ತು ಅವಳು ಅಷ್ಟು ಜನರ ಮುಂದೆ, ಈ ನೆಲದ ಹಿರಿಯರು ಅನ್ನ ಉಂಡವರೆಂದು ಹೇಳಿದರೆ, ನಾಳೆ ಅದು ಅಚ್ಚಾಗುತ್ತದೆ. ನಾಡಿದ್ದು ಯಾವನೋ ಕಂಡುಹಿಡಿಯುತ್ತಾನೆ. ಆಗ ಕಳ್ಳಿ ಎನ್ನಿಸಿಕೊಳ್ಳುವವಳು ಅವಳು. ಮೈಸೂರು ರಸ್ತೆಗೆ ಬಿದ್ದ ಮೇಲೆ ಬಸ್ಸು ಓಡತೊಡಗಿತು. ಜ್ಞಾನಭಾರತಿಯ ನೀಲಗಿರಿ ಮರಗಳು ಹಿಂದಕ್ಕೆ ಸರಿದವು. ಇಲ್ಲೇ ಇಳಿದು ವಾಪಸು ಹೋದರೆ, ಮೈ ಸರಿಯಿರಲಿಲ್ಲವೆಂದು ಹೇಳಿ ಕಳಿಸಿದರೆ ಎಂಬ ಯೋಚನೆ ಬಂದು, ಅದು ಜ್ವರದ ನೆವವೆಂದು ನೆನಪಾಗಿ, ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸಭಾಂಗಣದ ಮುಂದೆ ಇಂದ್ರಮ್ಮನ ಮಾರ್ಗದರ್ಶಕರಾದ ಗುರುಬಸಪ್ಪನವರು ನಿಂತಿದ್ದರು. ಮೇಷ್ಟ್ರನ್ನು ಕಂಡವರೇ ಕೈಹಿಡಿದುಕೊಂಡು, ಇವತ್ತು ಪತ್ರಿಕೆಯವರೂ ಬರುತ್ತಿದ್ದಾರೆ, ನಮ್ಮವರನ್ನು ಮುದ್ದೆ ತಿನ್ನೋರು ಮುದ್ದೆ ತಿನ್ನೋರು ಎಂದು ಆಡಿಕೊಳ್ಳುತ್ತಿದ್ದವರಿಗೆ ಇನ್ನು ಉತ್ತರ ಸಿಕ್ಕಿತು ಎಂದು ಸಂಭ್ರಮಪಟ್ಟರು. ಮೇಷ್ಟ್ರಿಗೆ ಒಮ್ಮೆಲೆ ಸಿಟ್ಟು ಬಂತು. ಮುದ್ದೆ ತಿಂದರೆ ಏನಾಗಿತ್ತು ಎಂದು ಕೇಳಬೇಕೆನ್ನಿಸಿತು. ಕೇಳುವ ಹಕ್ಕು ತಮಗೆ ಉಳಿದಿಲ್ಲವೆಂದು ಕೈ ಬಿಡಿಸಿಕೊಂಡು ಮುಂದೆ ನಡೆದರು. ಇಂದ್ರಮ್ಮ ಪಕ್ಕದ ಮೊಗಸಾಲೆಯಲ್ಲಿ ಒಬ್ಬಳೇ ಕೂತು ಹಾಳೆಗಳನ್ನು ಜೋಡಿಸುತ್ತಿದ್ದಳು. ಹೊಸ ಸೀರೆಯ ಗಂಜಿಯ ವಾಸನೆ ಬರುತ್ತಿತ್ತು. ಎದ್ದು ನಿಂತಳು. ಕೂತ್ಕೋ ಎಂದರೂ ಕೂರಲಿಲ್ಲ.

‘ಇಂದ್ರ, ನಾನು ಅವತ್ತು ಹೇಳಿದ್ದು ಸುಳ್ಳು.’

ಅವಳಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಚದುರಿ, ಮೇಷ್ಟ್ರು ಅಡ್ಡಾದಿಡ್ಡಿಯಾಗಿ ಹೇಳಿದರು. ದವಡೆ, ಸೀಮೆಸುಣ್ಣ, ಮುನಿಯಣ್ಣನ ಅಂಗಡಿ, ಸ್ಟೌ. ಕೇಳುತ್ತ ಕೇಳುತ್ತ ಆಕೆ ಕೈಯಲ್ಲಿದ್ದ ಹಾಳೆಗಳನ್ನು ಬೆಂಚಿನ ಮೇಲಿಟ್ಟು ಅವು ಹಾರದಂತೆ ಅಂಗೈಯೂರಿ ನಿಂತಳು.

‘ಎಷ್ಟಕ್ಕೆ ಹಚ್ಚಿದ್ರಿ ಸಾರ್?’

‘ಏಳಕ್ಕೂ.’

‘ಹಚ್ಚದೇ ಇರೋದು ಒಂದಾದ್ರೂ ಉಳಿದಿದ್ಯಾ? ಒಂದು ಹಲ್ಲು? ಒಂದು ಬೆರಳು?’

‘ಇಲ್ಲಮ್ಮ.’

ಆಕೆ ಮೇಲಿನ ಹಾಳೆಯನ್ನು ತಿರುಗಿಸಿ ಅಂಕೆಗಳ ಸಾಲನ್ನು ನೋಡಿದಳು. ಮತ್ತೆ, ಕಾಗದದಲ್ಲಿ ಗುರುತು ಹಾಕಿಕೊಳ್ಳುವವಳಂತೆ ಸಣ್ಣ ದನಿಯಲ್ಲಿ, ‘ಅದಕ್ಕೇ ಏಳೂ ಒಂದೇ ಥರ ಬಂತು’ ಎಂದಳು. ಆ ದನಿಯಲ್ಲಿ ಕೋಪವಿರಲಿಲ್ಲ. ಬಿಡದ ಪ್ರಶ್ನೆಯೊಂದಕ್ಕೆ ಕಡೆಗೂ ಉತ್ತರ ಸಿಕ್ಕವರ ನೆಮ್ಮದಿಯಂಥದ್ದು ಇತ್ತು. ಅದನ್ನು ಕೇಳಿ ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಬೈದಿದ್ದರೆ ನಿಂತಿರಬಹುದಾಗಿತ್ತು. ‘ಅವತ್ತು ಮನೇಲಿ ಕೇಳಿದೆನಲ್ಲ ಸಾರ್. ಅವತ್ತು ಹೇಳಿದ್ರೆ ಇಷ್ಟು ಜನಾನ ಕರೀತಿರ್ಲಿಲ್ಲ’ ಎಂದಳು. ‘ನಿನ್ನ ಮುಂದೆ ಚಿಕ್ಕವನಾಗೋಕೆ ಆಗ್ಲಿಲ್ಲ ಕಣಮ್ಮ’ ಎಂದರು ಅವರು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇಂದ್ರಮ್ಮ ಹಾಳೆಗಳನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಹೋದವಳು ಅವನ್ನು ವಾಪಸು ಬೆಂಚಿನ ಮೇಲಿಟ್ಟು ಬರಿಗೈಯಲ್ಲಿ ಹೋದಳು.

ಮೇಷ್ಟ್ರನ್ನು ಮೊದಲನೆಯ ಸಾಲಿನಲ್ಲಿ ಕೂರಿಸಿದರು. ಅರವತ್ತೆಪ್ಪತ್ತು ಜನ ಸೇರಿದ್ದರು. ಬಿಳಿ ಪರದೆಯ ಮೇಲೆ ಚಿತ್ರ ಬೀಳುವುದೆಂದು ಎಲ್ಲರೂ ಕಾಯುತ್ತಿರಲು, ಇಂದ್ರಮ್ಮ ಯಂತ್ರ ಬೇಡವೆಂದು ಕೈಸನ್ನೆ ಮಾಡಿ, ಈ ದಿನ ತಾನು ಹೇಳಬೇಕೆಂದಿದ್ದ ಫಲಿತಾಂಶವನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಸ್ಪಷ್ಟವಾಗಿ ಹೇಳಿದಳು. ಮೂಳೆಗಳಿಗೆ ಅಗೆತದ ಕಾಲದಲ್ಲಿ ದನದ ಚರ್ಮದ ಅಂಟು ಬಳಿದಿರುವುದು ಈಗ ತಿಳಿದಿದೆ; ಜರ್ಮನಿಯಲ್ಲಿ ತೂಗಿದ್ದು ಮನುಷ್ಯರ ಊಟವನ್ನಲ್ಲ, ಯಾವುದೋ ದನ ಮೇದ ಹುಲ್ಲನ್ನು; ಆ ಏಳು ಜನ ಏನು ಉಂಡರೆಂಬುದು ನಮಗೆ ಗೊತ್ತಿಲ್ಲ, ಬಹುಶಃ ಇನ್ನು ಗೊತ್ತಾಗುವುದೂ ಇಲ್ಲ. ಇಷ್ಟನ್ನು ಹೇಳಲು ಆಕೆಗೆ ಐದು ನಿಮಿಷವೂ ಹಿಡಿಯಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ವೇದಿಕೆಯ ಮೇಲಿದ್ದ ಗುರುಬಸಪ್ಪನವರ ಮುಖ ಕೆಂಪಾಗಿತ್ತು. ನಾಲ್ಕು ವರ್ಷ ಏನು ಮಾಡ್ತಿದ್ದೆ, ಪತ್ರ ಬಂದ ಮೇಲಾದ್ರೂ ವಿಚಾರಿಸಬಾರದಾಗಿತ್ತಾ, ಅಗೆದವರು ಇಲ್ಲೇ ಊರಲ್ಲೇ ಇದ್ದಾರಲ್ಲ, ಹೋಗಿ ಒಂದು ಮಾತು ಕೇಳೋಕೆ ಏನಾಗಿತ್ತು ಎಂದು ಅವರು ಧ್ವನಿವರ್ಧಕದಲ್ಲಿಯೇ ಗದರಿದರು. ಈಗ ತಮ್ಮ ಹೆಸರು ಬರುತ್ತದೆ ಎಂದುಕೊಂಡರು ಮೇಷ್ಟ್ರು. ಬರಲಿ. ಅದಕ್ಕಾಗಿಯೇ ತಾವು ಇಲ್ಲಿ ಕೂತಿರುವುದು.

ಇಂದ್ರಮ್ಮ ಅವರ ಕಡೆ ನೋಡಲಿಲ್ಲ. ಗೋಡೆಯಲ್ಲಿದ್ದ ಕಿಟಕಿಯ ಕಡೆಗೆ ನೋಡಿದಳು.

‘ಕೇಳ್ಲಿಲ್ಲ ಸಾರ್’ ಎಂದಳು. ‘ಕೇಳ್ಬೇಕು ಅಂತ ಹೊಳೀಲಿಲ್ಲ. ಇವತ್ತು ಅವರಾಗೇ ಜ್ಞಾಪಿಸಿಕೊಂಡು ಹೇಳಿದ್ರು. ತಪ್ಪು ನನ್ನದೇ.’

ಉಗ್ರಪ್ಪ ಮೇಷ್ಟ್ರು ಆ ಕಣ್ಣನ್ನು ಕಂಡರು. ಮೂವತ್ತು ವರ್ಷ ತರಗತಿಯಲ್ಲಿ ಕಂಡು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ ಕಣ್ಣು ಅದು; ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಸುಮ್ಮನೆ ಕೂತಿದ್ದರೆ ಎಲ್ಲ ಮುಗಿಯುತ್ತಿತ್ತು. ಮರೆತಿದ್ದ ಮುದುಕನೊಬ್ಬ ಜ್ಞಾಪಿಸಿಕೊಂಡ, ಎಚ್ಚರವಿಲ್ಲದ ಹುಡುಗಿಯೊಬ್ಬಳು ಎಡವಿದಳು ಎಂದು ಜನ ಎದ್ದು ಹೋಗುತ್ತಿದ್ದರು. ಆ ಸುಖವನ್ನು ಒಂದು ಕ್ಷಣ ಅವರು ನಾಲಗೆಯ ಮೇಲೆ ಸವಿದದ್ದೂ ನಿಜ. ಬಳಿಕ ಅವರ ಮಂಡಿಗಳು ತಾವಾಗಿ ನೆಟ್ಟಗಾದವು. ಹೇಳಬೇಕೆಂದಿದ್ದುದು ತಮ್ಮ ತಪ್ಪನ್ನು. ಆದರೆ ಬಾಯಿಗೆ ಬಂದದ್ದು ತರಗತಿಯ ಮಾತು, ತರಗತಿಯ ಗಡಸು ದನಿ.

‘ಆಕೆ ಸುಳ್ಳು ಹೇಳ್ತಿದಾಳೆ.’

ತಾವು ಆಡಿದ ಮಾತು ಕಿವಿಗೆ ಬಿದ್ದ ಮೇಲೆ ಮೇಷ್ಟ್ರು ಸಭೆಯ ಕಡೆ ತಿರುಗಿದರು. ‘ಹದಿನೈದು ದಿನದ ಹಿಂದೆ ನನ್ನ ಮನೆಗೆ ಬಂದು ಕೇಳಿದ್ಲು. ನಾನು ಇಲ್ಲ ಅಂದೆ. ಗೊತ್ತಿದ್ದೂ ಇಲ್ಲ ಅಂದೆ. ಅಂಟು ಬಳಿದವನೂ ನಾನೇ, ಬಳಿದಿಲ್ಲ ಅಂತ ಬರೆದವನೂ ನಾನೇ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಎಲ್ಲರೂ ನೋಡುತ್ತಿದ್ದುದು ಅವರನ್ನಲ್ಲ, ಆಕೆಯನ್ನು. ಮುದುಕನ ತಪ್ಪು ಹಳೆಯದು, ದೂರದ್ದು. ಆ ಹೆಂಗಸು ಈಗ ತಾನೇ, ತಮ್ಮ ಕಣ್ಣೆದುರಿಗೆ, ಧ್ವನಿವರ್ಧಕದ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು. ಗುರುಬಸಪ್ಪನವರು ತಗ್ಗಿದ ದನಿಯಲ್ಲಿ, ಹೌದೇನಮ್ಮ, ಎಂದರು. ಇಂದ್ರಮ್ಮ ತಲೆಯಾಡಿಸಿದಳು. ಹೌದು ಎಂಬುದಕ್ಕೋ ಅಲ್ಲ ಎಂಬುದಕ್ಕೋ ತಿಳಿಯದಂತೆ ಆಡಿಸಿ, ಅದು ಸಾಲದೆಂದು ತಿಳಿದು, ‘ಹೌದು ಸಾರ್’ ಎಂದಳು.

ಜನ ಉಪ್ಪಿಟ್ಟಿನ ಕಡೆಗೆ ಹೊರಟರು. ಮೊಗಸಾಲೆಯಲ್ಲಿ ಹಾಳೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ಇಂದ್ರಮ್ಮನ ಬಳಿಗೆ ಮೇಷ್ಟ್ರು ಹೋಗಿ ನಿಂತರು. ದಾಖಲೆಪುಸ್ತಕದಲ್ಲಿ ಇವತ್ತಿನ ತಾರೀಖು ಹಾಕಿ ತಿದ್ದಿ ಸಹಿ ಮಾಡಿಕೊಡುತ್ತೇನೆ, ಪ್ರಯೋಗಾಲಯಕ್ಕೂ ನಾನೇ ಬರೆಯುತ್ತೇನೆ, ನಿಜ ಗೊತ್ತಾದ ಮೇಲೆ ನಿನ್ನನ್ನು ಯಾರೂ ಏನೂ ಅನ್ನುವಂತಿಲ್ಲ ಎಂದು ಹೇಳುತ್ತಲೇ ಹೋದರು. ಅವಳು ಚೀಲದ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡಳು. ಆಗ ಮೊದಲ ಬಾರಿಗೆ ನೇರವಾಗಿ ಅವರ ಮುಖ ನೋಡಿದಳು.

‘ಪ್ರಬಂಧ ಹೋದ್ರೆ ಹೋಗ್ಲಿ ಸಾರ್, ಅದು ನಿಜವಾಗ್ಲೂ ತಪ್ಪಾಗಿತ್ತು. ಈ ಸುಳ್ಳೊಂದು ನಾನಾಗೇ ನಿಮಗೆ ಕೊಟ್ಟಿದ್ದು. ಇಟ್ಕೋಬಹುದಾಗಿತ್ತು.’

ಮೈಸೂರು ರಸ್ತೆಯ ನಿಲ್ದಾಣದಲ್ಲಿ ಆಕೆ ಬಸ್ಸಿಗೆ ನಿಂತಿದ್ದಳು, ನಾಲ್ಕು ಮಾರು ಹಿಂದೆ ಮೇಷ್ಟ್ರು. ಮಾರ್ಕೆಟ್ಟಿಗೆ ಹೋಗುವ ಬಸ್ಸು ಬಂದು ನಿಂತಿತು. ಇಬ್ಬರೂ ಅದೇ ಬಸ್ಸಿನಲ್ಲಿ ಹೋಗಬಹುದಾಗಿತ್ತು. ಮುಂದಿನ ಬಾಗಿಲಿನಿಂದ ಹತ್ತಿ, ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು ಆಕೆ ಹೊರಗೆ ನೋಡಿದಳು. ಬರ್ತೀರಾ ಯಜಮಾನ್ರೇ, ಇಲ್ಲಾ ರೈಟ್ ಹೇಳ್ಲಾ, ಎಂದು ಕಂಡಕ್ಟರು ಹಿಂದಿನ ಬಾಗಿಲಿನಿಂದ ಕೇಳಿದ. ಉಗ್ರಪ್ಪ ಮೇಷ್ಟ್ರು ಬರುವುದಿಲ್ಲವೆಂದು ಕೈಯಾಡಿಸಿದರು.